ಓದು ಮಕ್ಕಳದು, ಕಾಗದಪತ್ರ ಹೆತ್ತವರದು: ಪಿಯುಸಿಯಿಂದ ಒಳ್ಳೆಯ ಸೀಟಿನವರೆಗೆ

ಐಐಟಿ, ಎನ್‌ಐಟಿ, ಮೆಡಿಕಲ್, ಲಾ ಸ್ಕೂಲ್ ಎಂದು ಮಕ್ಕಳು ಎರಡು ವರ್ಷ ಕಣ್ಣು ಕೆಂಪಾಗುವಷ್ಟು ಓದಿರುತ್ತಾರೆ. ಆದರೂ ಸೀಟು ಕೈತಪ್ಪುತ್ತದೆ. ಎಲ್ಲ ಸಲವೂ ಅಂಕ ಸಾಲದೆ ಅಲ್ಲ. ಆಧಾರ್‌ನಲ್ಲಿ ಒಂದು ಹೆಸರು, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನ್ನೊಂದು ಹೆಸರು. ಜಾತಿ ಪ್ರಮಾಣಪತ್ರ ಇದೆ, ಆದರೆ ಅದು ರಾಜ್ಯದ ನಮೂನೆ, ಕೇಂದ್ರದ್ದಲ್ಲ. ಬೇಕಾದ ಕಾಲೇಜು, ಕೋರ್ಸುಗಳ ಪಟ್ಟಿ ತುಂಬುವ ಆಪ್ಷನ್ ಎಂಟ್ರಿಯ ಕೊನೆಯ ದಿನವೇ ಮೂಡಿಗೆರೆಯಲ್ಲಿ ಮಳೆ, ಕರೆಂಟಿಲ್ಲ. ಇವೆಲ್ಲ ಅಪ್ಪ ಅಮ್ಮ ಮೊದಲೇ ನೋಡಿಕೊಳ್ಳಬಹುದಾದ ಕೆಲಸ. ಓದಿನ ಹೊರೆ ಹೊತ್ತ ಮಗುವಿನ ತಲೆಗೆ ಇದನ್ನೂ ಕಟ್ಟಬಾರದು.

ಮನೆಯಲ್ಲಿ ಫಿಸಿಕ್ಸ್ ಹೇಳಿಕೊಡುವವರು ಇಲ್ಲವಲ್ಲ ಎಂದು ಕೊರಗಬೇಡಿ. ನಿಮ್ಮ ಪಾಲಿನ ಕೆಲಸ ಬೇರೆ ಇದೆ, ಅದು ಚಿಕ್ಕದಲ್ಲ.

ಕಾಂಬಿನೇಷನ್ ಆರಿಸುವಾಗಲೇ ಅರ್ಧ ದಾರಿ ತೀರ್ಮಾನವಾಗುತ್ತದೆ

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ವಾರದಲ್ಲಿ ತೆಗೆದುಕೊಳ್ಳುವ ತೀರ್ಮಾನ ಎರಡು ವರ್ಷದ ನಂತರದ ಬಾಗಿಲುಗಳನ್ನು ತೆರೆಯುತ್ತದೆ ಅಥವಾ ಮುಚ್ಚುತ್ತದೆ. ಪಿಸಿಎಂಬಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ) ತೆಗೆದುಕೊಂಡರೆ ಎಂಜಿನಿಯರಿಂಗ್, ಮೆಡಿಕಲ್, ಕೃಷಿ, ಪಶುವೈದ್ಯ, ಶುದ್ಧ ವಿಜ್ಞಾನ ಎಲ್ಲಕ್ಕೂ ಹೋಗಬಹುದು, ಆದರೆ ಹೊರೆ ಜಾಸ್ತಿ. ಜೀವಶಾಸ್ತ್ರದ ಬದಲು ಕಂಪ್ಯೂಟರ್ ಸೈನ್ಸ್ ಇರುವ ಪಿಸಿಎಂಸಿ ತೆಗೆದುಕೊಂಡರೆ ಸಾಮಾನ್ಯವಾಗಿ ಮೆಡಿಕಲ್ ಪ್ರವೇಶಪರೀಕ್ಷೆಯಾದ ನೀಟ್ ದಾರಿ ಬಿಟ್ಟಂತೆ. ಡಾಕ್ಟರ್ ಆಗುವ ಆಸೆಯೇ ಇಲ್ಲ, ಜೀವಶಾಸ್ತ್ರ ಬೇಡವೇ ಬೇಡ ಎನ್ನುವ ಮಗುವಿಗೆ ‘ಇರಲಿ ಬಿಡು’ ಎಂದು ಬಯಾಲಜಿ ಹೇರುವುದು ತಪ್ಪು. ಆ ಗಂಟೆಗಳು ಗಣಿತಕ್ಕೆ ಸಿಗಬೇಕು.

ಕಾಮರ್ಸ್ ಮಕ್ಕಳ ಪೋಷಕರು ಗಮನಿಸಬೇಕಾದ ಒಂದು ಮಾತು. ದೆಹಲಿ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಆನರ್ಸ್ ಓದಬೇಕೆಂದರೆ ಕೇಂದ್ರೀಯ ವಿಶ್ವವಿದ್ಯಾಲಯಗಳ ಪ್ರವೇಶಪರೀಕ್ಷೆಯಾದ ಸಿಯುಇಟಿಯಲ್ಲಿ ಗಣಿತ ಬರೆಯಲೇಬೇಕು. ಪಿಯುಸಿಯಲ್ಲಿ ಗಣಿತದ ಸಹವಾಸವೇ ಬೇಡ ಎಂದು ಬಿಟ್ಟವರಿಗೆ ಈ ಬಾಗಿಲು ಆಗಲೇ ಮುಚ್ಚಿರುತ್ತದೆ.

ಪಿಯುಸಿಗೆ ಹೈದರಾಬಾದ್‌ಗೋ ಕೋಟಾಗೋ ಕಳಿಸುವ ಯೋಚನೆ ಇದ್ದರೆ ಇದನ್ನೂ ತಿಳಿದುಕೊಳ್ಳಿ. ಸುರತ್ಕಲ್‌ನ ಎನ್‌ಐಟಿಯಲ್ಲಿ ಅರ್ಧದಷ್ಟು ಸೀಟು ಕರ್ನಾಟಕದವರಿಗೆ. ಆದರೆ ‘ಕರ್ನಾಟಕದವರು’ ಎಂದು ಲೆಕ್ಕಹಾಕುವುದು ಊರು ನೋಡಿ ಅಲ್ಲ, ಹನ್ನೆರಡನೇ ತರಗತಿ ಎಲ್ಲಿ ಪಾಸಾದರು ಎಂಬುದನ್ನು ನೋಡಿ. ಹಾಸನದಲ್ಲಿ ಹುಟ್ಟಿ ಬೆಳೆದ ಮಗು ತೆಲಂಗಾಣದಲ್ಲಿ ಇಂಟರ್ (ಅಲ್ಲಿನ ಪಿಯುಸಿ) ಮುಗಿಸಿದರೆ ಸುರತ್ಕಲ್‌ಗೆ ಹೊರರಾಜ್ಯದವರಾಗುತ್ತದೆ.

ಎಷ್ಟು ಪರೀಕ್ಷೆ, ಯಾವ ಪರೀಕ್ಷೆ

ಎಲ್ಲದಕ್ಕೂ ಅರ್ಜಿ ಹಾಕುವುದು ಮಗುವನ್ನು ದಣಿಸುವ ದಾರಿ. ನಾಲ್ಕೈದು ಸಾಕು: ಒಂದು ಕನಸಿನದು, ಎರಡು ಕೈಗೆಟಕುವಂಥವು, ಒಂದು ಖಚಿತವಾಗಿ ಸಿಗುವಂಥದ್ದು.

ಪಿಸಿಎಂ ಓದುವವರಿಗೆ ರಾಜ್ಯದ ಪ್ರವೇಶಪರೀಕ್ಷೆಯಾದ ಕೆಸಿಇಟಿ ತಳಪಾಯ. ಮೂರು ವಿಷಯ, ಪ್ರತಿಯೊಂದರಲ್ಲಿ 60 ಪ್ರಶ್ನೆ, 80 ನಿಮಿಷ, ತಪ್ಪಿಗೆ ಅಂಕ ಕಳೆಯುವುದಿಲ್ಲ. ಹಾಗಾಗಿ ಒಂದೂ ಪ್ರಶ್ನೆ ಖಾಲಿ ಬಿಡಬಾರದು. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಪಿಸಿಎಂ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಪಿಯುಸಿಯಲ್ಲಿ 300ಕ್ಕೆ 285 ಬಂದರೆ ಶೇ 95. ಸಿಇಟಿಯಲ್ಲಿ 180ಕ್ಕೆ 120 ಬಂದರೆ ಶೇ 66.67, ಎರಡರ ಸರಾಸರಿ ಶೇ 80.83. ‘ಸಿಇಟಿ ನೋಡಿಕೊಂಡರಾಯಿತು, ಬೋರ್ಡ್ ಹೇಗೋ ಆಗುತ್ತೆ’ ಎನ್ನುವ ಮಕ್ಕಳ ಮುಂದೆ ಈ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಮಾಡಿ ತೋರಿಸಿ.

ಎನ್‌ಐಟಿ ಸೇರಲು ಬರೆಯುವ ಜೆಇಇ ಮೇನ್ ವರ್ಷಕ್ಕೆ ಎರಡು ಸಲ, ಜನವರಿ ಮತ್ತು ಏಪ್ರಿಲ್‌ನಲ್ಲಿ. 75 ಪ್ರಶ್ನೆ, 300 ಅಂಕ, ಕಂಪ್ಯೂಟರಿನಲ್ಲಿ. ಕನ್ನಡದಲ್ಲೂ ಬರೆಯಬಹುದು. ಆದರೆ ಅದರ ಮುಂದಿನ ಮೆಟ್ಟಿಲಾದ ಜೆಇಇ ಅಡ್ವಾನ್ಸ್‌ಡ್ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಕನ್ನಡ ಮಾಧ್ಯಮದಿಂದ ಬಂದ ಮಗುವಿಗೆ ಐಐಟಿ ಗುರಿಯಿದ್ದರೆ ಮೊದಲ ಪಿಯುಸಿಯಿಂದಲೇ ಇಂಗ್ಲಿಷ್ ಪ್ರಶ್ನೆ ಓದುವ ಅಭ್ಯಾಸ ಬೇಕು. ವಿಷಯ ಗೊತ್ತಿದ್ದೂ ಪ್ರಶ್ನೆಯ ಭಾಷೆಯಲ್ಲಿ ಎಡವುವ ಮಕ್ಕಳು ಬಹಳ.

ಮೆಡಿಕಲ್‌ಗೆ ನೀಟ್ ಒಂದೇ: 180 ಪ್ರಶ್ನೆ, 720 ಅಂಕ, ಸರಿಗೆ 4, ತಪ್ಪಿಗೆ ಒಂದು ಕಳೆತ. ಸರ್ಕಾರಿ ಕಾಲೇಜುಗಳ ಶೇ 15 ಸೀಟು ಅಖಿಲ ಭಾರತ ಕೋಟಾ, ಉಳಿದದ್ದು ರಾಜ್ಯದ್ದು. ಹಾಸನ ಮತ್ತು ಚಿಕ್ಕಮಗಳೂರು ಎರಡೂ ಕಡೆ ಈಗ ಸರ್ಕಾರಿ ವೈದ್ಯಕೀಯ ಕಾಲೇಜು ಇರುವುದರಿಂದ ಮನೆ ಹತ್ತಿರದ ಸೀಟಿನ ಆಸೆ ಅತಿಯಾಸೆಯಲ್ಲ.

ವಿಜ್ಞಾನವನ್ನೇ ಪ್ರೀತಿಸುವ ಮಗುವಿದ್ದರೆ ಕೇಂದ್ರದ ವಿಜ್ಞಾನ ಶಿಕ್ಷಣ-ಸಂಶೋಧನಾ ಸಂಸ್ಥೆಗಳಾದ ಐಸರ್‌ಗಳ ಪ್ರವೇಶಪರೀಕ್ಷೆಯ ಹೆಸರು ಮನೆಯಲ್ಲಿ ಕೇಳಿಬರಲಿ. ನಮ್ಮ ಕಡೆ ಇದು ಗೊತ್ತಿರುವವರು ಕಡಿಮೆ. ನಾಲ್ಕೂ ವಿಷಯದಿಂದ 15ರಂತೆ 60 ಪ್ರಶ್ನೆ, 3 ಗಂಟೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪದವಿಗೂ ಈ ಅಂಕದ ಮೂಲಕ ದಾರಿಯಿದೆ. ಕಾನೂನಿಗೆ ಕ್ಲ್ಯಾಟ್, ಡಿಸೆಂಬರಿನಲ್ಲಿ. 120 ಪ್ರಶ್ನೆ, ಎರಡು ಗಂಟೆ, ಬಹುಪಾಲು ಓದಿ ಅರ್ಥಮಾಡಿಕೊಳ್ಳುವ ಪರೀಕ್ಷೆ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್‌ನಲ್ಲಿ ಶೇ 25 ಸೀಟು ಕರ್ನಾಟಕದ ವಿದ್ಯಾರ್ಥಿಗಳಿಗೆ ಮೀಸಲು.

ತೋಟ, ಗದ್ದೆ ಇರುವ ಮನೆಯವರು ಇನ್ನೊಂದನ್ನು ಮರೆಯಬೇಡಿ. ಹಾಸನದ ಕಾರೇಕೆರೆಯಲ್ಲಿ ಕೃಷಿ ಕಾಲೇಜು, ಹಾಸನದಲ್ಲೇ ಪಶುವೈದ್ಯ ಕಾಲೇಜು, ಮೂಡಿಗೆರೆಯಲ್ಲಿ ತೋಟಗಾರಿಕೆ ಕಾಲೇಜು ಇವೆ. ಈ ಕೋರ್ಸುಗಳಲ್ಲಿ ಕೃಷಿಕರ ಮಕ್ಕಳಿಗೆ ಕೋಟಾ ಇದೆ, ಅದಕ್ಕೆ ಬೇರೆಯೇ ಪ್ರಾಯೋಗಿಕ ಪರೀಕ್ಷೆ ಇದೆ. ಕೆಸಿಇಟಿ ಅರ್ಜಿಯಲ್ಲೇ ಆ ಕೋಟಾ ಕೇಳಿರಬೇಕು.

ಹೆಸರು ಒಂದೇ ಇರಲಿ

ಎಲ್ಲ ಪರೀಕ್ಷೆಗೂ ಮೂಲ ದಾಖಲೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ. ನಮ್ಮ ಕಡೆಯ ಹೆಸರುಗಳ ತೊಂದರೆ ಇನಿಷಿಯಲ್ಲಿನದು. ಅಂಕಪಟ್ಟಿಯಲ್ಲಿ ‘ಸಿಂಚನ ಎಚ್ ಆರ್’, ಆಧಾರ್‌ನಲ್ಲಿ ‘ಸಿಂಚನ ಗೌಡ’, ಬ್ಯಾಂಕ್ ಪುಸ್ತಕದಲ್ಲಿ ‘ಎಚ್ ಆರ್ ಸಿಂಚನ’. ನಮ್ಮ ಕಣ್ಣಿಗೆ ಮೂವರೂ ಒಂದೇ ಹುಡುಗಿ. ಕಂಪ್ಯೂಟರಿಗೆ ಮೂರು ಬೇರೆ ಬೇರೆ ಜನ.

ಮೊದಲ ಪಿಯುಸಿಯ ರಜೆಯಲ್ಲೇ ಹೀಗೆ ಮಾಡಿ: ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಆಧಾರ್, ಜಾತಿ-ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ ನಾಲ್ಕನ್ನೂ ಊಟದ ಮೇಜಿನ ಮೇಲೆ ಸಾಲಾಗಿ ಇಡಿ. ಮಗುವಿನ ಹೆಸರು, ಅಪ್ಪನ ಹೆಸರು, ಅಮ್ಮನ ಹೆಸರು, ಹುಟ್ಟಿದ ದಿನಾಂಕ, ಇವುಗಳನ್ನು ಅಕ್ಷರಕ್ಕೆ ಅಕ್ಷರ ಹೋಲಿಸಿ. ಇಂಗ್ಲಿಷ್ ಕಾಗುಣಿತದಲ್ಲಿ ಒಂದು ‘ಎಚ್’ ಹೆಚ್ಚು ಕಮ್ಮಿ ಇದ್ದರೂ ಬರೆದಿಟ್ಟುಕೊಳ್ಳಿ. ಆಮೇಲೆ ಆಧಾರ್ ಅನ್ನು ಅಂಕಪಟ್ಟಿಗೆ ಹೊಂದಿಸಿ ತಿದ್ದಿಸಿ. ಅಂಕಪಟ್ಟಿಯನ್ನು ತಿದ್ದಿಸುವುದು ಬಹಳ ದೂರದ ದಾರಿ. ಆಧಾರ್‌ಗೆ ಜೋಡಿಸಿರುವ ಮೊಬೈಲ್ ನಂಬರ್ ಈಗ ಬಳಕೆಯಲ್ಲಿದೆಯೇ ಎಂದೂ ಅಂದೇ ನೋಡಿ.

ನಾಡಕಚೇರಿಯ ಕೆಲಸ

ಅತಿ ಹೆಚ್ಚು ಎಡವುವ ಜಾಗ ಇದು, ಹಾಗಾಗಿ ನಿಧಾನವಾಗಿ ಓದಿ.

ಕೆಸಿಇಟಿಗೆ ಬೇಕಾದದ್ದು ರಾಜ್ಯದ ಪ್ರಮಾಣಪತ್ರ: ಪ್ರವರ್ಗ 1, 2ಎ, 2ಬಿ, 3ಎ, 3ಬಿ ಎಂದು ಬರುವುದು. ಅದರ ಮೇಲೆ ‘ಆರ್‌ಡಿ’ ಎಂದು ಶುರುವಾಗುವ ಸಂಖ್ಯೆಯನ್ನು ಅರ್ಜಿಯಲ್ಲಿ ಹಾಕಬೇಕು. ಹಿಂದುಳಿದ ವರ್ಗದ ಜಾತಿ-ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷದ ಅವಧಿ ಇರುತ್ತದೆ. ಹೈಸ್ಕೂಲಿನ ಸ್ಕಾಲರ್‌ಶಿಪ್‌ಗೆ ಮಾಡಿಸಿದ್ದು ಪಿಯುಸಿ ಮುಗಿಯುವ ಹೊತ್ತಿಗೆ ಅವಧಿ ಮೀರಿರಬಹುದು, ದಿನಾಂಕ ನೋಡಿ.

ಜೆಇಇ, ನೀಟ್‌ನ ಅಖಿಲ ಭಾರತ ಕೋಟಾ, ಕೇಂದ್ರೀಯ ವಿಶ್ವವಿದ್ಯಾಲಯ ಇವಕ್ಕೆ ಈ ಕಾಗದ ನಡೆಯುವುದಿಲ್ಲ. ಅಲ್ಲಿ ಬೇಕಾದದ್ದು ಕೇಂದ್ರ ಸರ್ಕಾರದ ನಮೂನೆಯ ಒಬಿಸಿ ಕೆನೆಪದರೇತರ (ಹಿಂದುಳಿದ ವರ್ಗದಲ್ಲಿ ಸ್ಥಿತಿವಂತರಲ್ಲದವರು ಎಂಬ) ಪ್ರಮಾಣಪತ್ರ. ರಾಜ್ಯದ ಪಟ್ಟಿಯಲ್ಲಿರುವ ಎಲ್ಲ ಜಾತಿಗಳೂ ಕೇಂದ್ರದ ಪಟ್ಟಿಯಲ್ಲಿ ಇಲ್ಲ. ಹಾಗಾಗಿ ಅರ್ಜಿಯಲ್ಲಿ ‘ಒಬಿಸಿ’ ಎಂದು ಟಿಕ್ ಮಾಡುವ ಮುನ್ನ ರಾಷ್ಟ್ರೀಯ ಹಿಂದುಳಿದ ವರ್ಗಗಳ ಆಯೋಗದ ಜಾಲತಾಣದಲ್ಲಿ ಕರ್ನಾಟಕದ ಪಟ್ಟಿ ತೆರೆದು, ನಿಮ್ಮ ಜಾತಿಯ ಹೆಸರು ಅಲ್ಲಿ ಯಾವ ರೂಪದಲ್ಲಿದೆ ನೋಡಿ. ಇಲ್ಲದಿದ್ದರೂ ಟಿಕ್ ಮಾಡಿದವರಿಗೆ ಕೌನ್ಸೆಲಿಂಗ್ ಹೊತ್ತಿನಲ್ಲಿ ಸೀಟು ರದ್ದಾಗುವ ಸಂಕಟ ಬರುತ್ತದೆ.

ಕಾಫಿ ಬೆಳೆಗಾರರಿಗೆ ಇಲ್ಲೊಂದು ವಿಶೇಷ ತೊಡಕಿದೆ. ಕೇಂದ್ರದ ಒಬಿಸಿ ಲೆಕ್ಕದಲ್ಲಿ ವರ್ಷಕ್ಕೆ 8 ಲಕ್ಷದ ಆದಾಯ ಮಿತಿಗೆ ಸಾಮಾನ್ಯ ಕೃಷಿ ಆದಾಯ ಮತ್ತು ಸಂಬಳವನ್ನು ಸೇರಿಸುವುದಿಲ್ಲ. ಆದರೆ 1993ರ ನಿಯಮದಲ್ಲಿ ಕಾಫಿ, ಟೀ, ರಬ್ಬರ್ ತೋಟಗಳನ್ನು ಬೇರೆ ಇಟ್ಟಿದ್ದಾರೆ. ಅವುಗಳ ವರಮಾನ ಆದಾಯದ ಲೆಕ್ಕಕ್ಕೆ ಬರುತ್ತದೆ. ‘ತೋಟ ಅಂದ್ರೆ ಕೃಷಿ ತಾನೇ’ ಎಂದುಕೊಂಡು ಕೂರಬೇಡಿ. ಕಾಫಿ ದರ ಏರಿದ ವರ್ಷಗಳ ಆದಾಯವನ್ನು ಸರಿಯಾಗಿ ಲೆಕ್ಕ ಹಾಕಿಯೇ ಅರ್ಜಿ ಕೊಡಿ.

ಯಾವ ಮೀಸಲಾತಿಗೂ ಬಾರದ ಮನೆಯವರಿಗೆ ಕೇಂದ್ರದ ಸಂಸ್ಥೆಗಳಲ್ಲಿ ಇಡಬ್ಲ್ಯುಎಸ್ (ಆರ್ಥಿಕವಾಗಿ ದುರ್ಬಲ ವರ್ಗ) ಕೋಟಾ ಇದೆ. ಅದಕ್ಕೆ ಕುಟುಂಬದ ಎಲ್ಲ ಮೂಲಗಳ ಆದಾಯ 8 ಲಕ್ಷಕ್ಕಿಂತ ಕಡಿಮೆ ಇರಬೇಕು, ಮತ್ತು ಕೃಷಿ ಜಮೀನು 5 ಎಕರೆ ಮುಟ್ಟಿರಬಾರದು. ಆದಾಯ ಎಷ್ಟೇ ಕಮ್ಮಿಯಿದ್ದರೂ ಕುಟುಂಬದ ಹೆಸರಿನ ಪಹಣಿ ಕೂಡಿದಾಗ 5 ಎಕರೆ ಆದರೆ ಸಿಗುವುದಿಲ್ಲ. ಸಕಲೇಶಪುರ, ಮೂಡಿಗೆರೆ ಕಡೆ ಅರ್ಜಿ ತಿರಸ್ಕಾರಕ್ಕೆ ಇದು ಸಾಕು.

ಇನ್ನು ದಿನಾಂಕ. ಐಐಟಿ, ಎನ್‌ಐಟಿ ಕೌನ್ಸೆಲಿಂಗ್‌ಗೆ ಒಬಿಸಿ ಮತ್ತು ಇಡಬ್ಲ್ಯುಎಸ್ ಪ್ರಮಾಣಪತ್ರ ಆ ವರ್ಷದ ಏಪ್ರಿಲ್ 1ರಂದು ಅಥವಾ ಆಮೇಲೆ ಕೊಟ್ಟದ್ದಾಗಿರಬೇಕು. ಮಾರ್ಚ್‌ನಲ್ಲಿ ತಂದದ್ದು ವ್ಯರ್ಥ. ಏಪ್ರಿಲ್ ಮೊದಲ ವಾರದಲ್ಲೇ ಅರ್ಜಿ ಕೊಟ್ಟು, ಗ್ರಾಮ ಆಡಳಿತ ಅಧಿಕಾರಿ, ಕಂದಾಯ ನಿರೀಕ್ಷಕರು, ತಹಶೀಲ್ದಾರರು, ಈ ಮೂರು ಹಂತಕ್ಕೆ ಮೂರ್ನಾಲ್ಕು ವಾರ ಕೈಯಲ್ಲಿಟ್ಟುಕೊಳ್ಳಿ. ಕೇಂದ್ರದ ನಮೂನೆಯನ್ನು ನೀವೇ ಪ್ರಿಂಟ್ ತೆಗೆದುಕೊಂಡು ಹೋಗಿ ತೋರಿಸುವುದು ಒಳ್ಳೆಯದು.

ಹಳ್ಳಿ ಶಾಲೆಯಲ್ಲಿ ಒಂದರಿಂದ ಹತ್ತರವರೆಗೆ ಓದಿದವರಿಗೆ ಕೆಸಿಇಟಿಯಲ್ಲಿ ಗ್ರಾಮೀಣ ಕೋಟಾ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಕನ್ನಡ ಮಾಧ್ಯಮ ಕೋಟಾ ಇದೆ. ಹತ್ತೂ ವರ್ಷ ಎಂಬುದು ಮುಖ್ಯ. ವ್ಯಾಸಂಗ ಪ್ರಮಾಣಪತ್ರಕ್ಕೆ ಬಿಇಒ ಮೇಲುರುಜು ಬೇಕಾಗುತ್ತದೆ. ಎರಡು ಮೂರು ಶಾಲೆ ಬದಲಾಯಿಸಿದ್ದರೆ ಪ್ರತಿ ಶಾಲೆಯಿಂದಲೂ ತರಬೇಕು. ಮಗುವಿನ ಸ್ಯಾಟ್ಸ್ (ಶಾಲಾ ವಿದ್ಯಾರ್ಥಿ ದಾಖಲೆ) ಸಂಖ್ಯೆಯಲ್ಲಿ ಶಾಲೆಯ ವಿವರ ಸರಿಯಿದೆಯೇ ಎಂದು ಹೆಡ್ ಮೇಷ್ಟ್ರನ್ನು ಕೇಳಿ.

ಅರ್ಜಿ ತುಂಬುವ ದಿನ

ದೀಪಾವಳಿಯ ಹೊತ್ತಿಗೆ ಹಾಸನಾಂಬೆ ದೇಗುಲದ ಬಾಗಿಲು ತೆರೆಯುವ ಆಸುಪಾಸಿನಲ್ಲೇ ಜೆಇಇ ಮೇನ್ ಮೊದಲ ಸುತ್ತಿನ ಅರ್ಜಿ ಶುರುವಾಗುತ್ತದೆ. ಮನೆ ತುಂಬ ನೆಂಟರು, ದರ್ಶನದ ಓಡಾಟ. ಅರ್ಜಿ ಹಬ್ಬ ಮುಗಿದ ಮೇಲೆ ಎಂದು ಮುಂದೂಡಬೇಡಿ. ಕೆಸಿಇಟಿ ಅರ್ಜಿ ಜನವರಿಯ ಹೊತ್ತಿಗೆ, ನೀಟ್ ಫೆಬ್ರುವರಿಯಲ್ಲಿ, ಸಿಯುಇಟಿ ಮತ್ತು ಐಸರ್ ಕೂಡ ಆ ತಿಂಗಳುಗಳ ಆಸುಪಾಸಿನಲ್ಲೇ.

ಸೈಬರ್ ಸೆಂಟರಿನಲ್ಲಿ ತುಂಬಿಸಿದರೂ ಮೊಬೈಲ್ ನಂಬರ್ ಮತ್ತು ಇಮೇಲ್ ನಿಮ್ಮ ಮನೆಯದ್ದೇ ಆಗಿರಲಿ. ಬೇಗ ಮುಗಿಯಲಿ ಎಂದು ಅಂಗಡಿಯವರ ಇಮೇಲ್ ಹಾಕಿಸಿಕೊಂಡವರು ಜುಲೈನಲ್ಲಿ ಒಟಿಪಿಗಾಗಿ ಆ ಅಂಗಡಿಯ ಬಾಗಿಲು ಕಾಯಬೇಕಾಗುತ್ತದೆ. ಮಗುವಿನ ಹೆಸರಿನಲ್ಲಿ ಹೊಸ ಇಮೇಲ್ ತೆರೆಯಿರಿ. ನೂರು ಪುಟದ ಒಂದು ನೋಟ್‌ಬುಕ್ ಇಡಿ, ಪರೀಕ್ಷೆಗೊಂದು ಪುಟ: ಅರ್ಜಿ ಸಂಖ್ಯೆ, ಪಾಸ್‌ವರ್ಡ್, ಹಣ ಕಟ್ಟಿದ ದಿನ, ಮುಂದಿನ ದಿನಾಂಕ.

ಫೋಟೊ ಬಿಳಿ ಹಿನ್ನೆಲೆಯದು, ಎರಡೂ ಕಿವಿ ಕಾಣುವಂಥದ್ದು. ಅದೇ ಫೋಟೊದ ಹನ್ನೆರಡು ಪ್ರತಿ ತೆಗೆಸಿಡಿ. ಅರ್ಜಿಯಲ್ಲಿ ಹಾಕಿದ್ದನ್ನೇ ಪರೀಕ್ಷೆಗೂ, ಪ್ರವೇಶಕ್ಕೂ ಕೇಳುತ್ತಾರೆ. ಕೊನೆಯ ‘ಸಬ್‌ಮಿಟ್’ ಒತ್ತುವ ಮುನ್ನ ಪೂರ್ತಿ ಅರ್ಜಿಯನ್ನು ಮಗು ಗಟ್ಟಿಯಾಗಿ ಓದಲಿ, ನೀವು ಅಂಕಪಟ್ಟಿ ಹಿಡಿದು ಕೇಳಿ. ಹತ್ತು ನಿಮಿಷದ ಕೆಲಸ. ತಿದ್ದುಪಡಿಗೆ ಅವಕಾಶ ಕೊಡುತ್ತಾರೆ ನಿಜ, ಆದರೆ ಕೆಲವೇ ದಿನ, ಮತ್ತು ಎಲ್ಲ ಅಂಕಣಗಳಿಗೂ ಅಲ್ಲ.

ಕಾಫಿ ಕೊಯ್ಲು ಮತ್ತು ಪರೀಕ್ಷೆ ಒಟ್ಟಿಗೇ ಬರುತ್ತವೆ

ಅರೇಬಿಕಾ ಕೊಯ್ಲು, ಒಣಗಿಸುವ ಕಣ, ಆಳುಗಳ ಓಡಾಟ ಇವೆಲ್ಲ ಡಿಸೆಂಬರ್-ಜನವರಿಯಲ್ಲಿ. ಕ್ಲ್ಯಾಟ್, ಜೆಇಇ ಮೇನ್, ಪಿಯುಸಿ ಪೂರ್ವಸಿದ್ಧತಾ ಪರೀಕ್ಷೆ ಕೂಡ ಆಗಲೇ. ರೊಬಸ್ಟಾ ಮುಗಿಯುವ ಹೊತ್ತಿಗೆ ಬೋರ್ಡ್ ಪರೀಕ್ಷೆ. ಈ ಮೂರು ತಿಂಗಳು ಲೆಕ್ಕ ಬರೆಯುವುದು, ಆಳುಗಳಿಗೆ ಕಾಫಿ-ತಿಂಡಿ ಒಯ್ಯುವುದು ಇಂಥ ಕೆಲಸದಿಂದ ದ್ವಿತೀಯ ಪಿಯುಸಿಯ ಮಗುವನ್ನು ಪೂರ್ತಿ ಬಿಡಿಸಿ. ‘ಅರ್ಧ ಗಂಟೆ ತಾನೇ’ ಎಂಬ ಕೆಲಸ ಓದಿನ ಜಾಡು ತಪ್ಪಿಸಿ ಎರಡು ಗಂಟೆ ತಿನ್ನುತ್ತದೆ. ಹೆಣ್ಣುಮಕ್ಕಳಿಗೆ ಅಡುಗೆಮನೆಯ ಕರೆ ಹೆಚ್ಚು ಬರುತ್ತದೆ, ಅದನ್ನು ಮನೆಯ ಹಿರಿಯರಿಗೆ ನೀವೇ ತಿಳಿಹೇಳಬೇಕು.

ಮಗು ಏನು ಓದಿತು ಎಂದು ದಿನಾ ವಿಚಾರಿಸಬೇಡಿ. ಭಾನುವಾರ ಸಂಜೆ ಹದಿನೈದು ನಿಮಿಷ ಕೂತು ಎರಡೇ ಪ್ರಶ್ನೆ ಕೇಳಿ: ಈ ವಾರ ಯಾವ ಪಾಠ ಕಷ್ಟ ಆಯಿತು, ಮುಂದಿನ ವಾರ ನಮ್ಮಿಂದ ಏನು ಬೇಕು? ಉತ್ತರ ‘ಏನಿಲ್ಲ’ ಎಂದಿದ್ದರೆ ಅಲ್ಲಿಗೇ ಬಿಡಿ. ದೊಡ್ಡಪ್ಪನ ಮಗನ ರ‍್ಯಾಂಕ್ ಊಟದ ಹೊತ್ತಿನಲ್ಲಿ ಎತ್ತಬೇಡಿ. ಏಳು ಗಂಟೆ ನಿದ್ದೆಗೆ ಕಡಿವಾಣ ಹಾಕಬೇಡಿ; ರಾತ್ರಿ ಎರಡರವರೆಗೆ ದೀಪ ಉರಿದರೆ ಹೆಮ್ಮೆಪಡುವಂಥದ್ದೇನೂ ಇಲ್ಲ, ಪರೀಕ್ಷೆ ಇರುವುದು ಹಗಲಿನಲ್ಲಿ. ಊಟ ಬಿಡುವುದು, ಸ್ನೇಹಿತರ ಜತೆ ಮಾತು ನಿಲ್ಲಿಸುವುದು, ‘ನನ್ನಿಂದ ಏನೂ ಆಗಲ್ಲ’ ಎಂದು ಪದೇ ಪದೇ ಹೇಳುವುದು ಕಂಡರೆ ಅದನ್ನು ಸೋಮಾರಿತನ ಎನ್ನಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು, ದುಡ್ಡಿಲ್ಲ.

ಮನೆಯಲ್ಲಿ ಕಂಪ್ಯೂಟರ್ ಇಲ್ಲದ ಮಕ್ಕಳು ಜೆಇಇಗೆ ಮುನ್ನ ಕಾಲೇಜಿನ ಲ್ಯಾಬಿನಲ್ಲೋ ಸೈಬರ್‌ನಲ್ಲೋ ಕನಿಷ್ಠ ಐದಾರು ಪೂರ್ಣ ಅಣಕು ಪರೀಕ್ಷೆ ಬರೆಯಲಿ. ತೆರೆಯ ಮೇಲೆ ಪ್ರಶ್ನೆ ಓದಿ ಕಾಗದದಲ್ಲಿ ಬಿಡಿಸಿ ಮತ್ತೆ ತೆರೆಗೆ ಬರುವುದೇ ಒಂದು ಅಭ್ಯಾಸ. ಕೆಸಿಇಟಿಗೆ, ಇದಕ್ಕೆ ವಿರುದ್ಧವಾಗಿ, ಗಡಿಯಾರ ಇಟ್ಟುಕೊಂಡು ಒಎಂಆರ್ ಹಾಳೆಯಲ್ಲಿ ಗುಂಡಿ ತುಂಬಿ ಕಲಿಯಬೇಕು.

ಪರೀಕ್ಷೆಯ ಊರು

ಪರೀಕ್ಷಾ ನಗರದ ಆಯ್ಕೆಯಲ್ಲಿ ಹತ್ತಿರದ ಊರನ್ನೇ ಮೊದಲು ಹಾಕಿ, ಆದರೆ ಬೆಂಗಳೂರೋ ಮೈಸೂರೋ ಬಂದರೆ ಏನು ಮಾಡುವುದು ಎಂದು ಮೊದಲೇ ಗೊತ್ತಿರಲಿ. ಜೆಇಇ ಬೆಳಗಿನ ಪಾಳಿ 9ಕ್ಕೆ ಶುರು, ಗೇಟ್ ಅರ್ಧ ಗಂಟೆ ಮೊದಲೇ ಮುಚ್ಚುತ್ತದೆ. ಕಳಸ, ಶೃಂಗೇರಿ, ಕೊಪ್ಪದಿಂದ ರಾತ್ರಿ ಬಸ್ಸಿನಲ್ಲಿ ನಿದ್ದೆಗೆಟ್ಟು ಹೋಗಿ ನೇರ ಪರೀಕ್ಷೆಗೆ ಕೂರಿಸಬೇಡಿ. ಹಿಂದಿನ ಮಧ್ಯಾಹ್ನವೇ ತಲುಪಿ ಕೇಂದ್ರ ನೋಡಿಬನ್ನಿ. ನೀಟ್ ಮಧ್ಯಾಹ್ನ 2ಕ್ಕೆ, ಗೇಟ್ 1.30ಕ್ಕೆ ಬಂದ್. ಉಡುಪಿನ ನಿಯಮ ಪ್ರವೇಶಪತ್ರದಲ್ಲೇ ಇರುತ್ತದೆ, ಹಿಂದಿನ ದಿನ ಓದಿ ಬಟ್ಟೆ ತೆಗೆದಿಡಿ.

ಆಪ್ಷನ್ ಎಂಟ್ರಿ

ರ‍್ಯಾಂಕ್ ಬಂದ ಮೇಲೆ ಸೀಟು ತೀರ್ಮಾನವಾಗುವುದು ಈ ಪಟ್ಟಿಯಲ್ಲಿ. ಕಂಪ್ಯೂಟರ್ ಏನು ಮಾಡುತ್ತದೆ ಎಂದು ಅರ್ಥಮಾಡಿಕೊಂಡರೆ ಭಯ ಹೋಗುತ್ತದೆ. ನಿಮ್ಮ ರ‍್ಯಾಂಕಿನ ಸರದಿ ಬಂದಾಗ ಅದು ಪಟ್ಟಿಯ ಮೊದಲನೆಯದನ್ನು ನೋಡುತ್ತದೆ. ಸೀಟು ಇದ್ದರೆ ಕೊಟ್ಟು ನಿಲ್ಲುತ್ತದೆ, ಇಲ್ಲದಿದ್ದರೆ ಎರಡನೆಯದಕ್ಕೆ ಹೋಗುತ್ತದೆ. ಆದ್ದರಿಂದ ಸಿಗುವುದು ಕಷ್ಟ ಎನಿಸುವ ಕಾಲೇಜನ್ನು ಮೇಲಿಟ್ಟರೆ ನಷ್ಟವೇನೂ ಇಲ್ಲ. ‘ನಮಗೆ ಸಿಗಲ್ಲ ಬಿಡಿ’ ಎಂದು ಕೆಳಗಿಟ್ಟರೆ ಮಾತ್ರ, ಸಿಗಬಹುದಾಗಿದ್ದದ್ದು ಹೋಗುತ್ತದೆ. ಹಾಗೆಯೇ, ಸೇರಲು ಮನಸ್ಸಿಲ್ಲದ ಕಾಲೇಜನ್ನು ಪಟ್ಟಿ ಉದ್ದವಾಗಲಿ ಎಂದು ತುಂಬಿಸಬೇಡಿ. ಅದೇ ಬಂದು ಕೂರಬಹುದು.

ಮೊದಲು ಕಾಗದದಲ್ಲಿ ಬರೆಯಿರಿ. ಕಾಲೇಜು ಮೊದಲೋ ಬ್ರ್ಯಾಂಚ್ ಮೊದಲೋ ಎಂಬ ಪ್ರಶ್ನೆಯನ್ನು ಮಗು ತೀರ್ಮಾನಿಸಲಿ. ಬೆಂಗಳೂರಿನ ಹೆಸರಾಂತ ಕಾಲೇಜಿನಲ್ಲಿ ಸಿವಿಲ್ ಬೇಕೋ, ಹಾಸನದ ಮಲೆನಾಡು ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಬೇಕೋ ಎಂದು ಎರಡೆರಡನ್ನೇ ಎದುರುಬದುರು ಇಟ್ಟು ಕೇಳುತ್ತಾ ಹೋದರೆ ಪಟ್ಟಿ ತಾನಾಗಿ ಸಾಲುಗಟ್ಟುತ್ತದೆ. ಹಿಂದಿನ ವರ್ಷದ ಕಟ್‌ಆಫ್ ಅನ್ನು ನಿಮ್ಮ ವರ್ಗದ ಅಂಕಣದಲ್ಲೇ ನೋಡಿ. ಅಣಕು ಹಂಚಿಕೆ ಬಂದ ಮೇಲೆ ಬದಲಾವಣೆಗೆ ಅವಕಾಶವಿರುತ್ತದೆ, ಅಲ್ಲಿ ಕಾಲೇಜಿನ ಕೋಡ್ ಮತ್ತೊಮ್ಮೆ ತಾಳೆ ನೋಡಿ. ಒಂದಂಕಿ ತಪ್ಪಿದರೆ ಬೇರೆಯೇ ಊರಿನ ಕಾಲೇಜು.

ನಿಜವಾದ ಹಂಚಿಕೆಯ ನಂತರ ಕೆಸಿಇಟಿಯಲ್ಲಿ ನಾಲ್ಕು ಚಾಯ್ಸ್. ಒಂದು: ತೃಪ್ತಿ, ಸೇರುತ್ತೇವೆ. ಎರಡು: ಇದನ್ನು ಹಿಡಿದುಕೊಂಡು ಪಟ್ಟಿಯ ಮೇಲಿನದಕ್ಕೆ ಮುಂದಿನ ಸುತ್ತಿಗೆ ಹೋಗುತ್ತೇವೆ. ಮೂರು: ಇದು ಬೇಡ, ಮುಂದಿನ ಸುತ್ತು ನೋಡುತ್ತೇವೆ. ನಾಲ್ಕು: ಪೂರ್ತಿ ಹೊರಗೆ. ಗೊಂದಲ ಇರುವವರಿಗೆ ಎರಡನೆಯದು ಸುರಕ್ಷಿತ. ಐಐಟಿ-ಎನ್‌ಐಟಿಯ ಜಂಟಿ ಸೀಟು ಹಂಚಿಕೆಯಾದ ಜೋಸಾದಲ್ಲಿ ಇದೇ ಕೆಲಸಕ್ಕೆ ಫ್ರೀಜ್, ಫ್ಲೋಟ್, ಸ್ಲೈಡ್: ಇದೇ ಸಾಕು, ಎಲ್ಲಾದರೂ ಮೇಲಿನದು ಬೇಕು, ಇದೇ ಸಂಸ್ಥೆಯಲ್ಲಿ ಮೇಲಿನ ಬ್ರ್ಯಾಂಚ್ ಬೇಕು.

ಇವೆಲ್ಲ ನಡೆಯುವುದು ಜೂನ್‌ನಿಂದ ಆಗಸ್ಟ್, ಮಲೆನಾಡಿನ ಹೊಡೆಮಳೆಯಲ್ಲಿ. ಮರ ಬಿದ್ದು ಎರಡು ದಿನ ಕರೆಂಟು, ನೆಟ್‌ವರ್ಕ್ ಹೋಗುವುದು ಹೊಸದಲ್ಲ. ಕೊನೆಯ ದಿನಕ್ಕೆ ಮೂರು ದಿನ ಮೊದಲೇ ಕೆಲಸ ಮುಗಿಸಿ. ಆ ತಿಂಗಳುಗಳಲ್ಲಿ ಹಾಸನ ಅಥವಾ ಚಿಕ್ಕಮಗಳೂರು ಪಟ್ಟಣದ ನೆಂಟರ ಮನೆಯೊಂದನ್ನು ಗೊತ್ತುಮಾಡಿಟ್ಟುಕೊಳ್ಳುವುದೂ ಸಿದ್ಧತೆಯೇ.

ಹಣ

ಕಾಫಿಯ ದುಡ್ಡು ಬರುವುದು ಬೇಸಿಗೆಗೆ ಮುಂಚೆ, ಫೀಸು ಕಟ್ಟುವುದು ಮಳೆಗಾಲದಲ್ಲಿ. ಜೋಸಾದಲ್ಲಿ ಸೀಟು ಒಪ್ಪಿಕೊಳ್ಳಲು ಕೆಲವೇ ದಿನದೊಳಗೆ ಸಾಮಾನ್ಯ ವರ್ಗದವರು ಸುಮಾರು 30 ಸಾವಿರ ಕಟ್ಟಬೇಕಾಗುತ್ತದೆ. ಅಷ್ಟನ್ನು ಆನ್‌ಲೈನ್ ಪಾವತಿಯಾಗುವ ಖಾತೆಯಲ್ಲಿ ಬೇರೆ ಇಟ್ಟಿರಿ. ದಿನದ ಪಾವತಿ ಮಿತಿಯನ್ನು ಬ್ಯಾಂಕಿನಲ್ಲಿ ಮೊದಲೇ ವಿಚಾರಿಸಿ.

ಐಐಟಿಯ ಬೋಧನಾ ಶುಲ್ಕ ವರ್ಷಕ್ಕೆ 2 ಲಕ್ಷ, ಎನ್‌ಐಟಿಯದು 1.25 ಲಕ್ಷ ಎಂದು ಕೇಳಿ ಹಿಂಜರಿಯಬೇಡಿ. ಕುಟುಂಬದ ಆದಾಯ 1 ಲಕ್ಷದೊಳಗಿದ್ದರೆ ಪೂರ್ತಿ, 5 ಲಕ್ಷದವರೆಗೆ ಮೂರರಲ್ಲಿ ಎರಡು ಪಾಲು ಮಾಫಿ. ಪರಿಶಿಷ್ಟ ಜಾತಿ, ಪಂಗಡ ಮತ್ತು ಅಂಗವಿಕಲ ಮಕ್ಕಳಿಗೆ ಬೋಧನಾ ಶುಲ್ಕವೇ ಇಲ್ಲ. 2024ರಲ್ಲಿ ಬಂದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಪಟ್ಟಿಯಲ್ಲಿರುವ ಉತ್ತಮ ಸಂಸ್ಥೆಗಳಿಗೆ ಜಮೀನು ಅಡವಿಡದೆ, ಜಾಮೀನಿಲ್ಲದೆ ಸಾಲ ಸಿಗುತ್ತದೆ. ಆದಾಯ 8 ಲಕ್ಷದವರೆಗಿನವರಿಗೆ 10 ಲಕ್ಷದವರೆಗಿನ ಸಾಲದ ಬಡ್ಡಿಯಲ್ಲಿ ಶೇ 3 ರಿಯಾಯಿತಿ ಇದೆ. ತೋಟದ ಪತ್ರ ಹಿಡಿದು ಬ್ಯಾಂಕಿಗೆ ಹೋಗುವ ಮುನ್ನ ಇದನ್ನು ಕೇಳಿ.

ಸೇರುವ ದಿನದ ಫೈಲು

ಒಂದೇ ಫೈಲಿನಲ್ಲಿ, ಇದೇ ಸಾಲಿನಲ್ಲಿ: ಹಂಚಿಕೆ ಪತ್ರ, ಹಣ ಕಟ್ಟಿದ ರಸೀದಿ, ಪ್ರವೇಶಪತ್ರ, ರ‍್ಯಾಂಕ್ ಕಾರ್ಡ್, ಎಸ್‌ಎಸ್‌ಎಲ್‌ಸಿ ಮತ್ತು ಪಿಯುಸಿ ಅಂಕಪಟ್ಟಿ, ಜಾತಿ-ಆದಾಯದ ಕಾಗದ, ವ್ಯಾಸಂಗ ಪ್ರಮಾಣಪತ್ರಗಳು, ಆಧಾರ್, ಟಿಸಿ, ಫೋಟೊ. ಮೂಲದ ಜತೆ ಐದು ಸೆಟ್ ಜೆರಾಕ್ಸ್. ಪಿಯು ಕಾಲೇಜಿನಿಂದ ಟಿಸಿಯನ್ನು ಸೀಟು ಖಚಿತವಾದ ಕೂಡಲೇ ತನ್ನಿ. ಮೂಲ ಟಿಸಿಯನ್ನು ಸೇರುವ ಕಾಲೇಜಿಗೆ ಒಪ್ಪಿಸಿದರೆ, ಮುಂದಿನ ಸುತ್ತಿನಲ್ಲಿ ಬೇರೆ ಸೀಟು ಬಂದಾಗ ವಾಪಸು ಪಡೆಯಲು ದಿನಗಳು ಹಿಡಿಯುತ್ತವೆ. ಒಪ್ಪಿಸುವ ಮುನ್ನ ಎರಡೂ ಬದಿಯ ಬಣ್ಣದ ಸ್ಕ್ಯಾನ್ ತೆಗೆದು ಮಗುವಿನ ಇಮೇಲಿಗೆ ಕಳಿಸಿಡಿ, ಕೊಟ್ಟದ್ದಕ್ಕೆ ಸಹಿ ಹಾಕಿದ ರಸೀದಿ ಕೇಳಿ ಪಡೆಯಿರಿ.